ಟಿಫಿನ್ ಡಬ್ಬಿಯಲ್ಲಿ ಒಂದು ಲಿವರ್

ರೇಡಿಯಾಲಜಿ ಪಿಜಿ ಸೇರಿದ ಮೊದಲ ಮೂರು ತಿಂಗಳು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕೋಣೆಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಸ್ಕ್ರೀನ್ ತುಂಬಾ ಬೂದು ಮಂಜು. ಪಕ್ಕದಲ್ಲಿ ಕೂತ ಸೀನಿಯರ್ "ನೋಡು, ಪಿತ್ತಕೋಶದಲ್ಲಿ ಕಲ್ಲು" ಅನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಪುಸ್ತಕದ ಸೂತ್ರಗಳೆಲ್ಲ ಬಾಯಿಪಾಠ ಆಗಿದ್ದವು. ಆ ಸೂತ್ರಕ್ಕೂ ಈ ಮಂಜಿಗೂ ಏನು ಸಂಬಂಧ ಅಂತ ಮಾತ್ರ ಗೊತ್ತಿರಲಿಲ್ಲ. ನೋವು ಅಂತ ಬಂದು ಮಲಗಿದವರ ಹೊಟ್ಟೆಯ ಮೇಲೆ ಗಂಟೆಗಟ್ಟಲೆ ಪ್ರೋಬ್ (ಮೈಮೇಲೆ ಒತ್ತಿ ಹಿಡಿಯುವ ಸ್ಕ್ಯಾನಿಂಗ್ ಹಿಡಿಕೆ) ಆಡಿಸಿ ಕಲಿಯುವುದು ಸರಿ ಅನ್ನಿಸಲಿಲ್ಲ. ಒಳಗೆ ಏನಿದೆ ಅಂತ ನನಗೆ ಮೊದಲೇ ಗೊತ್ತಿರುವ ಒಂದು ಹೊಟ್ಟೆ ಬೇಕಿತ್ತು. ಅದನ್ನು ಹಾಸ್ಟೆಲ್ ಅಡುಗೆಮನೆಯಲ್ಲಿ ಮಾಡಿಕೊಂಡೆ.

ಒಂದು ಲೀಟರ್ ನೀರು, 30 ಗ್ರಾಂ ಚೈನಾ ಗ್ರಾಸ್ ಪುಡಿ. ಚೆನ್ನಾಗಿ ಕುದಿಸಿ, ನೊರೆ ತೆಗೆದು, ಪ್ಲಾಸ್ಟಿಕ್ ಟಿಫಿನ್ ಡಬ್ಬಿಗೆ ಸುರಿದೆ. ಗಟ್ಟಿಯಾದ ಮೇಲೆ ಸಂಜೆ ಪೇಷಂಟ್‌ಗಳೆಲ್ಲ ಹೋದಾಗ ಅನುಮತಿ ಕೇಳಿ ಮೆಷಿನ್ ಹಚ್ಚಿದೆ. ಸ್ಕ್ರೀನ್ ಪೂರ್ತಿ ಕಪ್ಪು. ಡಬ್ಬಿಯ ತಳ ಮಾತ್ರ ಒಂದು ಬಿಳಿ ಗೆರೆ.

ಮೆಷಿನ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಪ್ರೋಬ್ ಕಳಿಸುವ ಶಬ್ದದ ಅಲೆ ಒಂದೇ ಸಮನಾಗಿರುವ ವಸ್ತುವಿನಲ್ಲಿ ಹೋಗುತ್ತಲೇ ಇರುತ್ತದೆ, ವಾಪಸ್ ಬರಲು ಅದಕ್ಕೆ ಕಾರಣವೇ ಇಲ್ಲ. ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುವ ಗಡಿಯಲ್ಲಿ ಮಾತ್ರ ಒಂದಿಷ್ಟು ಪಾಲು ಹಿಂದಕ್ಕೆ ಬರುತ್ತದೆ. ಎಷ್ಟು ಪಾಲು ಅನ್ನುವುದು ಆ ಎರಡು ವಸ್ತುಗಳ ಸಾಂದ್ರತೆ ಮತ್ತು ಅವುಗಳಲ್ಲಿ ಶಬ್ದದ ವೇಗ ಎಷ್ಟು ಬೇರೆ ಅನ್ನುವುದರ ಮೇಲೆ ನಿಂತಿದೆ. ಲಿವರ್ ಮತ್ತು ಕಿಡ್ನಿ ನಡುವಿನ ಗಡಿಯಲ್ಲಿ ಶೇ. 1ಕ್ಕಿಂತ ಕಡಿಮೆ. ಮಾಂಸ ಮತ್ತು ಮೂಳೆ ನಡುವೆ ಸುಮಾರು ಶೇ. 40. ಮಾಂಸ ಮತ್ತು ಗಾಳಿ ನಡುವೆ ಶೇ. 99.9.

ಹಾಗಾದರೆ ಲಿವರ್ ಬೂದು ಬಣ್ಣದಲ್ಲಿ ಯಾಕೆ ಕಾಣುತ್ತದೆ? ಮಾರನೇ ದಿನ ಹೊಸ ಡಬ್ಬಿಗೆ ಮೂರು ಚಮಚ ಇಸಬ್‌ಗೋಲ್ ಕಲಸಿದೆ. ಮಲಬದ್ಧತೆಗೆ ಕುಡಿಯುತ್ತಾರಲ್ಲ, ಅದೇ. ಈ ಸಲ ಸ್ಕ್ರೀನ್ ಮೇಲೆ ಲಿವರ್ ಮೂಡಿತು! ಅದೇ ನಯವಾದ ಬೂದು, ಅದೇ ಸಣ್ಣ ಸಣ್ಣ ಚುಕ್ಕೆ. ಆ ಖುಷಿ ಇವತ್ತಿಗೂ ನೆನಪಿದೆ. ಹೊಟ್ಟೆಗೆ ಬಳಸುವ 3.5 ಮೆಗಾಹರ್ಟ್ಜ್ (ಸೆಕೆಂಡಿಗೆ 35 ಲಕ್ಷ ಕಂಪನ) ಅಲೆಯ ಉದ್ದ ಸುಮಾರು 0.44 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಕಣ ಎದುರಾದರೆ ಅಲೆ ಕನ್ನಡಿಗೆ ಬಡಿದಂತೆ ವಾಪಸ್ ಬರುವುದಿಲ್ಲ, ಎಲ್ಲ ದಿಕ್ಕಿಗೂ ಚೆದುರುತ್ತದೆ. ಹಾಗೆ ಚೆದುರಿದ ಸಾವಿರಾರು ಅಲೆಗಳು ಕೆಲವು ಕಡೆ ಕೂಡಿಕೊಂಡು, ಕೆಲವು ಕಡೆ ಒಂದನ್ನೊಂದು ಅಳಿಸಿಕೊಂಡು ಆ ಚುಕ್ಕೆಗಳಾಗುತ್ತವೆ. ಅಂದರೆ ಸ್ಕ್ರೀನಿನ ಚುಕ್ಕೆ ಲಿವರ್‌ನ ಜೀವಕೋಶವಲ್ಲ. ಇದು ಗೊತ್ತಾಗದೆ ನಾನು ಮೂರು ತಿಂಗಳು ಚುಕ್ಕೆಗಳನ್ನೇ ದಿಟ್ಟಿಸುತ್ತಾ ಕೂತಿದ್ದೆ.

ಮೂರನೇ ಡಬ್ಬಿಯಲ್ಲಿ ಎರಡು ವಸ್ತು ಹುದುಗಿಸಿದೆ. ಗ್ಲೌಸಿನ ಒಂದು ಬೆರಳಿಗೆ ಗಾಳಿ ಇಲ್ಲದಂತೆ ನೀರು ತುಂಬಿ ಗಂಟು ಹಾಕಿದ್ದು ಒಂದು. ಅಂಗಳದ ಒಂದು ಸಣ್ಣ ಬೆಣಚುಕಲ್ಲು ಇನ್ನೊಂದು. ನೀರಿನ ಬೆರಳು ಕಪ್ಪಾಗಿ ಕಂಡಿತು, ಅದರ ಕೆಳಗಿನ ಭಾಗ ಸುತ್ತಲಿಗಿಂತ ಸ್ವಲ್ಪ ಬೆಳ್ಳಗಿತ್ತು. ಕಲ್ಲು ಬೆಳ್ಳಗೆ ಬಿಲ್ಲಿನಂತೆ ಕಂಡಿತು, ಅದರ ಕೆಳಗೆ ಉದ್ದಕ್ಕೂ ಕಪ್ಪು ಪಟ್ಟಿ.

ಕಲ್ಲಿನ ನೆರಳು ಸುಲಭ. ಅಲೆಯನ್ನು ಕಲ್ಲು ತಡೆದು ನುಂಗಿಬಿಟ್ಟಿದೆ, ಅದರ ಹಿಂದೆ ಏನೂ ತಲುಪಿಲ್ಲ. ನೀರಿನ ಕೆಳಗಿನ ಬೆಳಕು ನನ್ನನ್ನು ಜಾಸ್ತಿ ಹೊತ್ತು ಕೂರಿಸಿತು. ಮಾಂಸದಲ್ಲಿ ಅಲೆ ಹೋದಷ್ಟೂ ಸೊರಗುತ್ತದೆ. ಲೆಕ್ಕ ಸರಿಸುಮಾರು ಇಷ್ಟು: ಒಂದು ಮೆಗಾಹರ್ಟ್ಜ್‌ಗೆ, ಒಂದು ಸೆಂಟಿಮೀಟರಿಗೆ ಅರ್ಧ ಡೆಸಿಬೆಲ್. 3.5 ಮೆಗಾಹರ್ಟ್ಜ್ ಅಲೆ 10 ಸೆಂಟಿಮೀಟರ್ ಆಳಕ್ಕೆ ಹೋಗಿ ಬರುವಾಗ 35 ಡೆಸಿಬೆಲ್ ಕಳೆದುಕೊಳ್ಳುತ್ತದೆ, ಅಂದರೆ ಶಕ್ತಿ ಸುಮಾರು 3000 ಪಟ್ಟು ಇಳಿದಿರುತ್ತದೆ. ಅದಕ್ಕೇ ಆಳದಿಂದ ಬಂದ ದನಿಯನ್ನು ಮೆಷಿನ್ ಎತ್ತರಿಸಿ ತೋರಿಸುತ್ತದೆ. ದಾರಿಯಲ್ಲಿ ನೀರಿತ್ತು, ಅಲೆ ಅಲ್ಲಿ ಸೊರಗಲೇ ಇಲ್ಲ ಅನ್ನುವುದು ಮೆಷಿನ್‌ಗೆ ಗೊತ್ತಿಲ್ಲ. ಅಲ್ಲೂ ಅಷ್ಟೇ ಎತ್ತರಿಸುತ್ತದೆ. ಹಾಗಾಗಿ ನೀರಿನ ಹಿಂದೆ ಬೆಳಕು. ಲಿವರ್‌ನಲ್ಲಿ ಕಪ್ಪು ಉಂಡೆ ಕಂಡಾಗ ನಾನು ಈಗಲೂ ಮೊದಲು ನೋಡುವುದು ಅದರ ಕೆಳಗೆ. ಬೆಳ್ಳಗಿದ್ದರೆ ನೀರುಗುಳ್ಳೆ ಇರಬಹುದು ಅಂತ ಮನಸ್ಸು ಸ್ವಲ್ಪ ಹಗುರಾಗುತ್ತದೆ.

ಆಮೇಲೆ ಓದಿದಾಗ ಗೊತ್ತಾಯಿತು, ಈ ವಿದ್ಯೆ ಬೆಳೆದದ್ದೂ ಹೀಗೇ. 1955ರಲ್ಲಿ ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್, ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಾಯ್ಲರ್ ತಯಾರಿಸುವ ಕಾರ್ಖಾನೆಗೆ ಹೋದರು. ಅಲ್ಲಿ ಲೋಹದ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರವಿತ್ತು. ನೀರು ತುಂಬಿದ ಗಡ್ಡೆಯ ಎಕೋ ಬೇರೆ, ಗಟ್ಟಿ ಗಡ್ಡೆಯ ಎಕೋ ಬೇರೆ ಅಂತ ಅಲ್ಲಿ ಕಂಡರು. ಮೂರು ವರ್ಷದ ನಂತರ ಅವರ ಪ್ರಬಂಧ ಬಂತು.

ಡಬ್ಬಿ ಕಲಿಸಿದ್ದು ಒಂದೇ ವಾರದಲ್ಲಿ ಕೆಲಸಕ್ಕೆ ಬಂತು. ಊಟವಾದ ಮೇಲೆ ಬಲಗಡೆ ನೋವು ಅಂತ ಒಬ್ಬ ರೈತರು ಬಂದರು. ಪಿತ್ತಕೋಶದಲ್ಲಿ ಒಂದು ಬಿಳಿ ಚುಕ್ಕೆ, ಆದರೆ ನೆರಳಿಲ್ಲ. ಕಲ್ಲೋ, ಗೋಡೆಗೆ ಅಂಟಿದ ಪಾಲಿಪ್ಪೋ (ಮಾಂಸದ ಸಣ್ಣ ಗಂಟು)? ಅಲೆಯ ಪಟ್ಟಿ ಕಲ್ಲಿಗಿಂತ ಅಗಲವಾಗಿದ್ದರೆ ಪಕ್ಕದಿಂದ ನುಸುಳಿದ ಅಲೆ ನೆರಳನ್ನು ಅಳಿಸಿಬಿಡುತ್ತದೆ. ಪಟ್ಟಿ ಸಪೂರವಾಗಲಿ ಅಂತ ಫೋಕಸ್ ಅನ್ನು ಆ ಚುಕ್ಕೆಯ ಆಳಕ್ಕೇ ತಂದೆ, ಫ್ರೀಕ್ವೆನ್ಸಿ ಏರಿಸಿದೆ. ಸಣ್ಣಗೆ, ಚೂಪಾಗಿ ನೆರಳು ಬಿತ್ತು. ಎಡಗಡೆ ಮಗ್ಗುಲಾಗಲು ಹೇಳಿದೆ. ಚುಕ್ಕೆ ಉರುಳಿತು, ನೆರಳೂ ಅದರ ಜೊತೆಗೇ ಹೋಯಿತು. ಕಲ್ಲೇ.

ಗಾಳಿಯ ಪಾಠ ಬೇಗ ಹೇಳುತ್ತೇನೆ. ಜೆಲ್ ಹಚ್ಚುವುದು ಪ್ರೋಬ್ ಜಾರಲಿ ಅಂತ ಮಾತ್ರ ಅಲ್ಲ, ಚರ್ಮಕ್ಕೂ ಪ್ರೋಬಿಗೂ ನಡುವೆ ಇರುವ ಗಾಳಿ ಓಡಿಸಲಿಕ್ಕೆ. ಕರುಳಿನ ಗ್ಯಾಸ್‌ಗೆ ಜೆಲ್ ಇಲ್ಲ. ಅಲ್ಲಿ ಪ್ರೋಬನ್ನು ನಿಧಾನವಾಗಿ ಒತ್ತಿ ಗ್ಯಾಸ್ ಸರಿಸಬೇಕು, ಮಗ್ಗುಲು ಬದಲಿಸಬೇಕು, ಕಾಯಬೇಕು. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂದಾಗ ಬೇಸರ ಮಾಡಿಕೊಳ್ಳಬೇಡಿ, ಸುಮ್ನೆ ಹೇಳುವುದಲ್ಲ.

ಡಬ್ಬಿ ಕಲಿಸದ ಒಂದು ಪಾಠ ನನಗೆ ಜಾಸ್ತಿ ನೋವು ಕೊಟ್ಟಿತು. ಎರಡನೇ ವರ್ಷ, ಆರು ವಾರದ ಬಸುರಿ. ಹೊಟ್ಟೆಯ ನಟ್ಟನಡುವೆ ಪ್ರೋಬ್ ಅಡ್ಡ ಇಟ್ಟೆ. ಭ್ರೂಣ ಇರುವ ಚೀಲ ಎರಡು, ಅಕ್ಕಪಕ್ಕ. "ಅವಳಿ ಇರಬಹುದು" ಅಂತ ಬಾಯಿಬಿಟ್ಟೆ. ಪಕ್ಕದಲ್ಲಿದ್ದ ಅತ್ತೆ ಅಲ್ಲೇ ಕೈಮುಗಿದರು. ಸೀನಿಯರ್ ಬಂದು ಪ್ರೋಬನ್ನು ಎರಡು ಇಂಚು ಪಕ್ಕಕ್ಕೆ ಸರಿಸಿದರು. ಒಂದೇ ಚೀಲ.

ಹೊಟ್ಟೆಯ ಮುಂಭಾಗದಲ್ಲಿ ಎರಡು ನೇರ ಸ್ನಾಯುಗಳಿವೆ, ನಡುವೆ ಕೊಬ್ಬು. ಕೊಬ್ಬಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1450 ಮೀಟರ್, ಸ್ನಾಯುವಿನಲ್ಲಿ ಸುಮಾರು 1580. ವೇಗ ಬದಲಾಗುವ ಓರೆ ಗಡಿಯಲ್ಲಿ ಅಲೆ ಬಾಗುತ್ತದೆ. ನೀರಿನಲ್ಲಿ ಅದ್ದಿದ ಕೋಲು ಮುರಿದಂತೆ ಕಾಣುತ್ತದೆ ಅಲ್ವಾ, ಹಾಗೆ. ಆ ಸ್ನಾಯುಗಳು ಲೆನ್ಸ್‌ನಂತೆ ಒಂದನ್ನು ಎರಡು ಮಾಡಿ ತೋರಿಸಿದ್ದವು. ಅಲೆ ನೇರವಾಗಿ ಹೋಗಿ ನೇರವಾಗಿ ಬರುತ್ತದೆ, ಎಲ್ಲ ಕಡೆಯೂ 1540 ಮೀಟರ್ ವೇಗದಲ್ಲಿ ಅಂತ ಮೆಷಿನ್ ನಂಬಿರುತ್ತದೆ. ದೇಹ ಹಾಗಿಲ್ಲ. ಆ ತಾಯಿಯ ಮುಖದಲ್ಲಿ ಬಂದು ಹೋದ ಬೆಳಕು ನನ್ನನ್ನು ಬಹಳ ದಿನ ಕಾಡಿತು. ಅವತ್ತಿನಿಂದ ಎರಡು ದಿಕ್ಕಿನಿಂದ ನೋಡದೆ ನಾನು ಬಾಯಿ ತೆರೆಯುವುದಿಲ್ಲ.

ಈಗ ಪ್ರತಿ ವರ್ಷ ಹೊಸ ಪಿಜಿಗಳು ಬಂದಾಗ ಡಬ್ಬಿ ಮಾಡಿ ಕೊಡುತ್ತೇನೆ. ಒಳಗೆ ಏನು, ಎಲ್ಲಿ ಅಂತ ಹೇಳುವುದಿಲ್ಲ. ಈ ಸಲ ಒಬ್ಬ ಹುಡುಗಿ ನೆರಳು ಹಿಡಿದು ಕಲ್ಲು ಹುಡುಕಿ, ಮೇಲಿನಿಂದ 6.2 ಸೆಂಟಿಮೀಟರ್ ಅಂತ ಬರೆದಳು. ಚಾಕುವಿನಿಂದ ಸೀಳಿ ಸ್ಕೇಲ್ ಇಟ್ಟೆವು. 6 ಸೆಂಟಿಮೀಟರ್. ತಪ್ಪು ಅಳೆದೆನಾ ಅಂತ ಅವಳ ಮುಖ ಬಾಡಿತು. ಸ್ವಲ್ಪ ಹೊತ್ತು ಆ ತುಂಡನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು: "ಇದು ಬಹುಪಾಲು ನೀರೇ ಅಲ್ವಾ? ಇದರಲ್ಲಿ ಶಬ್ದ 1540ಕ್ಕಿಂತ ನಿಧಾನ ಹೋಗಿರಬೇಕು. ವಾಪಸ್ ಬರೋದು ತಡವಾಗಿದ್ದಕ್ಕೆ ಮೆಷಿನ್ ಕಲ್ಲನ್ನು ಇನ್ನೂ ಕೆಳಗೆ ಇಟ್ಟಿದೆ."