ಡೇರೆ ಗಡ್ಡೆಯ ಕುತ್ತಿಗೆ ಉಳಿಸಿಕೊಳ್ಳುವುದು

ಶಿರಸಿ ಕಡೆ ಡೇಲಿಯಾ ಎಂದರೆ ಡೇರೆ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು, ತವರು ಮೆಕ್ಸಿಕೋದ ಗುಡ್ಡಗಾಡು. ಅಲ್ಲೂ ಅದು ಮಳೆಗೆ ಚಿಗುರಿ, ಒಣ ತಿಂಗಳುಗಳಲ್ಲಿ ಗಡ್ಡೆಯಾಗಿ ಮಲಗುವ ಗಿಡವೇ. ಹಾಗಾಗಿ ನಮ್ಮ ಮಳೆ ಅದಕ್ಕೆ ಶತ್ರುವಲ್ಲ. ಎಲೆ ಮೇಲೆ ಎಷ್ಟು ಹೊಯ್ದರೂ ತಡೆಯುತ್ತದೆ; ಬುಡದಲ್ಲಿ ಎರಡು ದಿನ ನೀರು ನಿಂತರೆ ಮಾತ್ರ ಗಡ್ಡೆ ಕೊಳೆಯಲು ಶುರು. ನಾನು ನೆಲಕ್ಕೆ ನೆಡದೆ ಚೀಲಕ್ಕೆ ನೆಡುವುದು ಇದೇ ಕಾರಣಕ್ಕೆ.

ಗಡ್ಡೆ ಆರಿಸುವಾಗ ದಪ್ಪ ನೋಡಿ ಮೋಸಹೋಗುವವರೇ ಹೆಚ್ಚು. ಆಲೂಗಡ್ಡೆಯ ಹಾಗೆ ಇದರ ಮೈಮೇಲೆಲ್ಲ ಕಣ್ಣು ಇರುವುದಿಲ್ಲ. ಗಡ್ಡೆಯ ಕುತ್ತಿಗೆ ಹಳೆಯ ಕಾಂಡಕ್ಕೆ ಸೇರುವ ಜಾಗದಲ್ಲಿ, ಸಾಸಿವೆಯಷ್ಟು ಉಬ್ಬಿ, ಕೆಲವು ಬಣ್ಣಗಳಲ್ಲಿ ಸ್ವಲ್ಪ ಕೆಂಪಗೆ ಕಾಣುವುದೇ ಕಣ್ಣು. ಕುತ್ತಿಗೆ ಮುರಿದ ಗಡ್ಡೆ ಮೂಲಂಗಿಯಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಬೇರು ಬಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಗೊಂಚಲು ಬಿಡಿಸುವ ಕೆಲಸವನ್ನು ಏಪ್ರಿಲ್ ಕೊನೆಗೆ, ಕಣ್ಣು ಉಬ್ಬಿದ ಮೇಲೆ ಮಾಡುತ್ತೇನೆ. ಕೈಯಲ್ಲಿ ಎಳೆದರೆ ಕುತ್ತಿಗೆಯೇ ಮುರಿಯುತ್ತದೆ; ಹರಿತವಾದ ಚಾಕುವಿನಲ್ಲಿ ಪ್ರತಿ ಗಡ್ಡೆಗೂ ಹಳೆ ಕಾಂಡದ ಒಂದು ಚೂರು ಬರುವಂತೆ ಸೀಳಬೇಕು. ಗಾಯಕ್ಕೆ ಒಲೆಬೂದಿ ಹಚ್ಚಿ ಒಂದು ದಿನ ನೆರಳಲ್ಲಿ ಆರಿಸಿದರೆ ಆಯಿತು.

ಚೀಲ ಒಂದಡಿ ಅಗಲ, ಒಂದಡಿ ಎತ್ತರದ್ದು ಸಾಕು. ತೂತು ತಳದಲ್ಲಷ್ಟೇ ಅಲ್ಲ, ತಳದಿಂದ ಒಂದಿಂಚು ಮೇಲೆ ಸುತ್ತಲೂ ಆರೆಂಟು ಇರಲಿ. ತಳದ ತೂತು ಅಂಗಳದ ಮಣ್ಣಿಗೆ ಅಂಟಿ ಮುಚ್ಚಿಹೋಗುತ್ತದೆ. ಎರಡು ಬುಟ್ಟಿ ಗೋಡುಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಸುಡುಮಣ್ಣು, ಅರ್ಧ ಬುಟ್ಟಿ ಮರಳು. ಗೊಬ್ಬರ ಹಸಿಯಿದ್ದರೆ ಗೊಬ್ಬರದ ಹುಳು ಬೇರು ಕಡಿಯುತ್ತದೆ.

ನೆಡುವುದು ಮೇ ಮೊದಲ ಎರಡು ವಾರದೊಳಗೆ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಗಿಡ ಗೇಣುದ್ದವಾದರೂ ಆಗಿರಬೇಕು. ಚಿಗುರದ ಗಡ್ಡೆ ಜಡಿಮಳೆಗೆ ಸಿಕ್ಕಿದರೆ ಉಳಿಯುವುದು ಕಷ್ಟ. ಗಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲ್ಮುಖವಾಗಿ, ಎರಡು ಮೂರು ಇಂಚು ಮಣ್ಣು ಮುಚ್ಚುತ್ತೇನೆ. ಆಸರೆಯ ಅಡಿಕೆ ದಬ್ಬೆಯನ್ನೂ (ಅಡಿಕೆ ಮರದ ಸೀಳು) ಆಗಲೇ ಊರಿಬಿಡುವುದು. ಆಮೇಲೆ ಊರಲು ಹೋದರೆ ಅದು ನೇರ ಗಡ್ಡೆಗೇ ಚುಚ್ಚುತ್ತದೆ. ಚಿಗುರು ಕಾಣುವ ತನಕ, ಅಂದರೆ ಎರಡು ಮೂರು ವಾರ, ನೀರು ತೀರ ಕಡಿಮೆ.

ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಹೆಚ್ಚು ಗಿಡ ಬೇಕಾದವರು ಬುಡದ ಮೂರಿಂಚಿನ ಚಿಗುರನ್ನು ಗಂಟಿನ ಕೆಳಗೆ ಕತ್ತರಿಸಿ ಮರಳಿಗೆ ಊರಿ ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಕಾಂಡ ಒಳಗೆ ಟೊಳ್ಳಾಗಿದ್ದರೆ ಬೇರು ಬರುವ ಮೊದಲೇ ಕೊಳೆಯುವುದು ಹೆಚ್ಚು. ಬೀಜದಿಂದ ಅದೇ ಬಣ್ಣ, ಅದೇ ಎಸಳು ಬರುತ್ತದೆಂಬ ಭರವಸೆ ಬೇಡ.

ದೊಡ್ಡ ಹೂವು ಬೇಕಿದ್ದರೆ ತುದಿಯ ಮೂರು ಮೊಗ್ಗಿನಲ್ಲಿ ನಡುವಿನದನ್ನು ಬಿಟ್ಟು ಪಕ್ಕದ ಎರಡನ್ನು ಬಟಾಣಿ ಗಾತ್ರದಲ್ಲೇ ಚಿವುಟಬೇಕು. ಬಾಡಿದ ಹೂವು ತೆಗೆಯುವಾಗ ಮೊಗ್ಗನ್ನೂ ಕಿತ್ತುಬಿಡುವುದು ಎಲ್ಲರೂ ಮಾಡುವ ತಪ್ಪು: ಮೊಗ್ಗು ಗುಂಡಗೆ, ಗಟ್ಟಿ, ಎಸಳುದುರಿದ ಹೂವು ಮೊನಚು, ಹಿಚುಕಿದರೆ ಮೆತ್ತಗೆ. ಚೀಲಕ್ಕೆ ಐದಾರು ಗಂಟೆ ಬಿಸಿಲು ಬೇಕು, ಹಂಚಿನ ಮಾಡಿನ ಹನಿ ಮಾತ್ರ ಬೀಳಬಾರದು. ಹದಿನೈದು ದಿನಕ್ಕೊಮ್ಮೆ ಶೇಂಗಾ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಒಂದು ಚೆಂಬು. ಜಾಸ್ತಿಯಾದರೆ ಸೊಪ್ಪು ಸೊಕ್ಕುತ್ತದೆ, ಕಾಂಡ ಗಾಳಿಗೆ ಮುರಿಯುತ್ತದೆ.

ಆರ್ದ್ರಾ, ಪುನರ್ವಸು ಮಳೆಯಲ್ಲಿ ಬಸವನಹುಳು ಒಂದೇ ರಾತ್ರಿಗೆ ಚಿಗುರು ಬೋಳಿಸುತ್ತದೆ. ಬೂದಿ ಚೆಲ್ಲಿದರೆ ಮುಂದಿನ ಮಳೆಗೆ ತೊಳೆದುಹೋಗುತ್ತದೆ; ಬ್ಯಾಟರಿ ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕುವುದೇ ಸರಿ. ಮಳೆ ಹಿಂದೆ ಸರಿದ ಮೇಲೆ ಬೂದಿರೋಗ ಬರುತ್ತದೆ, ಕೆಳಗಿನ ಎಲೆ ತೆಗೆದು ಗಾಳಿಯಾಡಲು ಬಿಡಬೇಕು. ಎಲೆಯ ನರದುದ್ದಕ್ಕೂ ಹಳದಿ ಪಟ್ಟಿ ಬಂದು ಗಿಡ ಕುಳ್ಳಾದರೆ ಅದು ನಂಜುರೋಗ. ಗಿಡಹೇನು ಅದನ್ನು ಪಕ್ಕದ ಗಿಡಕ್ಕೆ ದಾಟಿಸುತ್ತದೆ, ಗಡ್ಡೆಯಲ್ಲೂ ಉಳಿಯುತ್ತದೆ. ಎಷ್ಟೇ ಅಪರೂಪದ ಬಣ್ಣವಾದರೂ ಸುಟ್ಟುಬಿಡಿ, ನೆಂಟರಿಗೆ ಹಂಚಬೇಡಿ.

ಹಗಲು ಗಿಡ್ಡವಾಗುತ್ತ ಹೋದಂತೆ ಗಡ್ಡೆ ದಪ್ಪವಾಗುತ್ತದೆ. ಹಾಗಾಗಿ ಹೂವು ಮುಗಿಯಿತೆಂದು ದೀಪಾವಳಿಗೇ ಗಿಡ ಕಡಿಯಬಾರದು. ಎಲೆ ತಾನಾಗಿ ಹಳದಿಯಾದ ಮೇಲೆ ನೀರು ನಿಲ್ಲಿಸಿ, ನಾಲ್ಕಿಂಚು ಬಿಟ್ಟು ಕತ್ತರಿಸುತ್ತೇನೆ. ಉಳಿದ ಮೋಟು ಕೊಳವೆಯಂತೆ ಟೊಳ್ಳು. ಅಕಾಲ ಮಳೆಯ ನೀರು ಅದರೊಳಗೆ ನಿಂತು ನೇರವಾಗಿ ಕುತ್ತಿಗೆಗೇ ಇಳಿಯುತ್ತದೆ, ಅದಕ್ಕೆ ಮೇಲೊಂದು ತೆಂಗಿನ ಗೆರಟೆ ಕವುಚುವುದು. ಆಮೇಲೆ ಚೀಲಗಳನ್ನು ಹಾಗೇ ಜಗುಲಿಯ ತಂಪು ಮೂಲೆಗೆ ಸರಿಸಿ, ತಿಂಗಳಿಗೊಮ್ಮೆ ಒಂದು ಕೈಯಲ್ಲಿ ನೀರು ಚಿಮುಕಿಸಿದರೆ ಮಾರ್ಚ್ ಸೆಕೆಗೂ ಗಡ್ಡೆ ಸುಕ್ಕುವುದಿಲ್ಲ. ಹೆಗ್ಗಣ ಇರುವ ಮನೆಯಾದರೆ ಗಡ್ಡೆ ಅಗೆದು, ತೂತಿನ ಡಬ್ಬದಲ್ಲಿ ಒಣಮರಳಿನ ನಡುವೆ ಇಟ್ಟು, ಮುಚ್ಚಳದ ಮೇಲೆ ಕಲ್ಲು ಹೇರಬೇಕು.