ರೇಷ್ಮೆ ಹುಳುವಿನಿಂದ ಶುರು ಮಾಡಿ, ಕೋತಿ ಕೊನೆಗಿರಲಿ: ಜೀವವಿಕಾಸದ ಪಾಠ, ನನ್ನ ಅನುಭವ

ಶಿಡ್ಲಘಟ್ಟದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ಜೀವವಿಕಾಸದ ಪಾಠವನ್ನು ಮಕ್ಕಳ ತಲೆಗೆ ಹತ್ತಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. "ಪರೀಕ್ಷೆಗೆ ಬರಲ್ಲ, ಊರಲ್ಲಿ ಜಗಳ ಬೇರೆ, ಯಾಕೆ ಮೇಡಂ ಸುಮ್ನೆ?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಹೋದ ವರ್ಷ 44 ಮಕ್ಕಳಲ್ಲಿ 37-38 ಮಂದಿ ಪುಸ್ತಕದಲ್ಲಿಲ್ಲದ ಉದಾಹರಣೆಯನ್ನು ತಾವೇ ಯೋಚಿಸಿ ಬರೆದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದು ದಶಾವತಾರ. ಮತ್ಸ್ಯ ನೀರಲ್ಲಿ, ಕೂರ್ಮ ನೀರು-ನೆಲ ಎರಡರಲ್ಲೂ, ವರಾಹ ನೆಲದ ಮೇಲೆ, ಆಮೇಲೆ ನರಸಿಂಹ. ಮಕ್ಕಳಿಗೆ ಗೊತ್ತಿರುವ ಕತೆ, ಬೇಗ ಹಿಡಿಯುತ್ತದೆ ಅಂದುಕೊಂಡೆ. ಹಿಡಿಯಿತು ಕೂಡ. ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ಬರೆದದ್ದು ಇದು: "ಮೀನು ಆಮೆಯಾಯಿತು, ಆಮೆ ಹಂದಿಯಾಯಿತು." ಒಂದು ಪ್ರಾಣಿ ಇನ್ನೊಂದಾಗಿ ಮೆಟ್ಟಿಲು ಹತ್ತುತ್ತದೆ ಎಂಬ ತಪ್ಪನ್ನು ನಾನೇ ಬಿತ್ತಿದ್ದೆ. ಅದಕ್ಕಿಂತ ನೋವಾದದ್ದು ಬೇರೆ. ನಮ್ಮಲ್ಲಿ ರೀಲರ್‌ಗಳ, ಅಂದರೆ ಗೂಡು ಬೇಯಿಸಿ ಚರಕದಲ್ಲಿ ನೂಲು ಬಿಚ್ಚುವವರ, ಮನೆಯ ಮುಸ್ಲಿಂ ಮಕ್ಕಳು ಜಾಸ್ತಿ. ಆ ಎರಡು ಪೀರಿಯಡ್ ಅವರು ತಲೆ ತಗ್ಗಿಸಿ ಕೂತಿದ್ದರು. ಅದೇ ಕೊನೆ. ದಶಾವತಾರವನ್ನು ನಾನು ವಿಜ್ಞಾನದ ಬೋರ್ಡಿನ ಮೇಲೆ ಮತ್ತೆ ಬರೆದಿಲ್ಲ.

ಎರಡನೇ ವರ್ಷ ನೇರವಾಗಿ ಕೋತಿ-ಮನುಷ್ಯನ ಚಿತ್ರ ಹಾಕಿದೆ. ಮೂರನೇ ದಿನಕ್ಕೆ ಒಬ್ಬರು ಪೋಷಕರು ಶಾಲೆಗೆ ಬಂದರು. "ನಮ್ ತಾತ ಕೋತಿನಾ ಮೇಡಂ? ನಾವು ಆಂಜನೇಯನ ಒಕ್ಕಲು, ಹಿಂಗೆಲ್ಲಾ ಹೇಳಿಕೊಡಬೇಡಿ" ಎಂದರು. ಅದೇ ವರ್ಷ ಹಣ್ಣಿನ ನೊಣ ಸಾಕಲು ಹೋದೆ. ಬಾಟಲಿ, ಬಾಳೆಹಣ್ಣು, ರವೆ, ಹತ್ತಿ ಎಲ್ಲಾ ಸೇರಿ ಸುಮಾರು 1,400 ರೂಪಾಯಿ ಖರ್ಚಾಯಿತು. ಎರಡು ಸಲವೂ ಇರುವೆ ಮುತ್ತಿ ಹಾಳಾಯಿತು. ಹಳೆಯ ಮೈಕ್ರೋಸ್ಕೋಪ್ ಒಂದಕ್ಕೆ 3,500 ಕೊಟ್ಟೆ. ಅದರಿಂದ ಈ ಪಾಠಕ್ಕೆ ಏನೂ ಆಗಲಿಲ್ಲ.

ಅಷ್ಟರಲ್ಲಿ 2023 ಬಂತು. ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆಯಿತು. 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಪಾಠ ಬರೀ 'ಅನುವಂಶೀಯತೆ' ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಪತ್ರ ಬರೆದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎನ್ನುತ್ತಾರೆ. ನಮ್ಮ ಶಾಲೆಯಿಂದ ಪಿಯುಸಿ ಸೈನ್ಸ್‌ಗೆ ಹೋಗುವವರು ವರ್ಷಕ್ಕೆ ಏಳೆಂಟು ಮಕ್ಕಳು. ಉಳಿದವರು ಆರ್ಟ್ಸ್, ಕಾಮರ್ಸ್, ಇಲ್ಲವೇ ಚರಕದ ಮುಂದೆ. ಅವರಿಗೆ ಇದನ್ನು ಯಾರು ಹೇಳುತ್ತಾರೆ? ಈ ಮಾತು ಬಂದಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಪಾಠ ಪುಸ್ತಕದಿಂದ ಹೋದರೆ ಹೋಗಲಿ, ನಾನು ವಿಜ್ಞಾನ ಸಂಘದಲ್ಲಿ ಮಾಡುತ್ತೇನೆ ಎಂದು ಶನಿವಾರ ಹಿಡಿದುಕೊಂಡೆ.

"ಮಾಡೋದಾದ್ರೆ ಎರಡೂ ಹೇಳಿ, ಧರ್ಮ ಹೇಳೋದನ್ನೂ ಸೇರಿಸಿ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನಾನು ಸಂವಿಧಾನದ 28ನೇ ವಿಧಿ ತೋರಿಸಿದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. 51ಎ(ಎಚ್) ಪ್ರಕಾರ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ. ಇವೆರಡನ್ನೂ ಬರೆದ ಚೀಟಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ಜೀವನವಿಡೀ ಪ್ರಶ್ನೆ ಕೇಳುವುದನ್ನು ಕಲಿಸಿದ ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರಿನ ಹೊಸೂರಿನಲ್ಲಿ, ನಮ್ಮದೇ ಜಿಲ್ಲೆ. ಇಲ್ಲೇ ಹೆದರಿದರೆ ಹೇಗೆ?

ಈಗ ಕೆಲಸಕ್ಕೆ ಬರುತ್ತೇನೆ. ಮನುಷ್ಯನ ಸುದ್ದಿಯೇ ಬೇಡ, ಚಂದ್ರಿಕೆಯ (ಹುಳು ಗೂಡು ಕಟ್ಟುವ ತಟ್ಟೆಯ) ಮೇಲಿನ ರೇಷ್ಮೆ ಹುಳುವಿನಿಂದ ಶುರು ಮಾಡಿ. ಹುಳು ಎಷ್ಟು ಜ್ವರಕ್ಕೆ ಹೋಗುತ್ತದೆ (ಎಷ್ಟು ಸಲ ಪೊರೆ ಬಿಡುತ್ತದೆ), ಯಾವಾಗ ಹಣ್ಣಾಗಿ ಗೂಡು ಕಟ್ಟಲು ತಯಾರಾಗುತ್ತದೆ ಎಂಬುದು ನನಗಿಂತ ನನ್ನ ಮಕ್ಕಳಿಗೇ ಚೆನ್ನಾಗಿ ಗೊತ್ತು. ಅವರು ನೋಡದೇ ಇರುವುದು ಚಿಟ್ಟೆ, ಯಾಕೆಂದರೆ ಗೂಡು ಅದಕ್ಕೆ ಮುಂಚೆಯೇ ಮಾರ್ಕೆಟ್ಟಿಗೆ ಹೋಗಿ ಬೇಯುತ್ತದೆ. ನಾನು ಮೂವತ್ತು ಗೂಡು ಉಳಿಸಿಕೊಂಡು ಚಿಟ್ಟೆ ಬರಿಸಿದೆ. ಅವು ರೆಕ್ಕೆ ಪಟಪಟ ಬಡಿಯುತ್ತವೆ, ಹಾರುವುದಿಲ್ಲ. ಕಾಂಪೌಂಡಿನ ಹೊಂಗೆ ಮರಕ್ಕೆ ಬಿಟ್ಟೆವು. ಮಾರನೇ ದಿನ ಎರಡೋ ಮೂರೋ ರೆಕ್ಕೆ ಸಿಕ್ಕವು. ಕಾಗೆ ಪಾಲು.

ಆಗ ಹೇಳಿದೆ: ಇದರ ಕಾಡು ದಾಯಾದಿ ಚೀನಾ ಕಡೆ ಈಗಲೂ ಇದೆ. ಬಣ್ಣ ಕಂದು, ಗೂಡು ಚಿಕ್ಕದು, ಚೆನ್ನಾಗಿ ಹಾರುತ್ತದೆ. ದಪ್ಪ ಗೂಡು ಕಟ್ಟುವುದನ್ನೇ, ಕೈಗೆ ಸುಮ್ಮನೆ ಸಿಗುವುದನ್ನೇ ಮನುಷ್ಯ ಸಾವಿರಾರು ವರ್ಷ ಬಿತ್ತನೆಗೆ ಉಳಿಸಿಕೊಂಡ, ಹೀಗಾಯಿತು. ಡಾರ್ವಿನ್ ಕೂಡ 1859ರ ತನ್ನ ಪುಸ್ತಕವನ್ನು ಶುರು ಮಾಡಿದ್ದು ಸಾಕುಪ್ರಾಣಿಗಳಿಂದಲೇ. ಪಾರಿವಾಳಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ.

ಆರಿಸಿ ಬೆಳೆಸಿದರೆ ತಳಿ ತಳಿಗೆ ಎಷ್ಟು ವ್ಯತ್ಯಾಸ, ಅದನ್ನೂ ನೋಡಿಬಿಡೋಣ ಅನ್ನಿಸಿತು. ಕುಣಿಗಲ್‌ನ ನಂಟರಿಂದ ಮೈಸೂರು ತಳಿಯ ಹಳದಿ ಬಿತ್ತನೆ ಗೂಡು ತರಿಸಿದೆ. ರೀಲರ್ ಮಗನೊಬ್ಬ ಅದನ್ನೂ ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆಯ) ತಳಿಯ ಬಿಳಿ ಗೂಡನ್ನೂ ಬಿಚ್ಚಿ ಎಳೆ ಅಳೆದ. ಹಳದಿಯದು 350 ಮೀಟರ್ ಆಸುಪಾಸು, ಬಿಳಿಯದು ಸಾವಿರದ ಹತ್ತಿರ. ಎಳೆ ಎರಡು ಸಲ ಹರಿಯಿತು, ಲೆಕ್ಕ ಅಂದಾಜು. ಆ ಹುಡುಗ ಅದಕ್ಕೆ ಮುಂಚೆ ತರಗತಿಯಲ್ಲಿ ಬಾಯಿ ಬಿಟ್ಟವನೇ ಅಲ್ಲ.

ಒಬ್ಬ ಹುಡುಗಿ ಕೇಳಿದಳು: "ಮಿಸ್, ಆರಿಸೋಕೆ ಯಾರೂ ಇಲ್ದಿದ್ರೆ?" ಈ ಪ್ರಶ್ನೆ ಬರುವವರೆಗೂ ಕಾಯಬೇಕು, ನೀವಾಗಿ ಹೇಳಬಾರದು. ಬಂದ ದಿನ ಬೀಜದ ಆಟ. ಮೊದಲು ಕೆಂಪು ನೆಲದ ಮೇಲೆ ಹುರುಳಿ ಮತ್ತು ಬಿಳಿ ಅಲಸಂದೆ ಚೆಲ್ಲಿ ಕೆಟ್ಟೆ. ಮಕ್ಕಳು ಬಣ್ಣ ನೋಡಲಿಲ್ಲ, ದಪ್ಪ ಕಂಡದ್ದನ್ನು ಬಾಚಿದರು. ಆಮೇಲೆ ಬರೀ ಅಲಸಂದೆ ತಗೊಂಡು ಅರ್ಧಕ್ಕೆ ಕೆಮ್ಮಣ್ಣಿನ ಬಣ್ಣ ಕೊಟ್ಟೆ. ಬೀಜ ನೆನೆದು ಉಬ್ಬದ ಹಾಗೆ ಬಣ್ಣ ಹತ್ತಿಸುವ ಉಪಾಯ ಮಾತ್ರ ಹೇಳುವುದಿಲ್ಲ, ಅದಕ್ಕೆ ನಾನು ಎರಡು ಕಿಲೋ ಬೀಜ ಹಾಳು ಮಾಡಿದ್ದೇನೆ. ನೂರು ಬಿಳಿ, ನೂರು ಕೆಂಪು. ಮಕ್ಕಳೇ ಕಾಗೆಗಳು, ಹತ್ತು ಸೆಕೆಂಡು ಆರಿಸುವುದು. ಉಳಿದ ಪ್ರತಿ ಬೀಜಕ್ಕೂ ಅದೇ ಬಣ್ಣದ ಒಂದು ಮರಿ ಸೇರಿಸುವುದು. ನಾಲ್ಕನೇ ಸುತ್ತಿಗೆ ಬಿಳಿ ಹತ್ತು-ಹನ್ನೆರಡಕ್ಕೆ ಇಳಿಯಿತು. ಅದೇ ಬೀಜವನ್ನು ಬಿಳಿ ಪಂಚೆಯ ಮೇಲೆ ಚೆಲ್ಲಿದರೆ ಎಲ್ಲಾ ತಲೆಕೆಳಗು! ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ, ನೆಲ ಬದಲಾದರೆ ಲೆಕ್ಕ ಬದಲು. ಮೆಟ್ಟಿಲಿನ ತಪ್ಪು ಅಲ್ಲಿಗೆ ಹೋಯಿತು.

ಜಗಳಕ್ಕೆ ಬಂದಿದ್ದರಲ್ಲ, ಆ ಪೋಷಕರು ಟೊಮೆಟೊ ಬೆಳೆಗಾರರು. ಅವರ ಚಿಕ್ಕ ಮಗಳೂ ನನ್ನ ತರಗತಿಗೆ ಬಂದಳು. ಅವರನ್ನೇ ಶನಿವಾರ ಕರೆದು "ಟೊಮೆಟೊ ಹುಳಕ್ಕೆ ಹೊಡೆಯುವ ಔಷಧಿಯ ಬಗ್ಗೆ ಮಾತಾಡಿ ಅಣ್ಣ" ಎಂದೆ. "ಮೊದ್ಲು ಒಂದ್ಸಲ ಹೊಡೆದ್ರೆ ಸಾಯ್ತಿತ್ತು. ಈಗ ಅದೇ ಔಷಧಿ ಮೂರ್ಸಲ ಹೊಡೆದ್ರೂ ಜಗ್ಗಲ್ಲ" ಎಂದರು. ಯಾಕೆ ಎಂದು ಮಕ್ಕಳನ್ನು ಕೇಳಿದೆ. ಅವರ ಮಗಳೇ ಎದ್ದು ಹೇಳಿದಳು: "ಅಪ್ಪ, ಹುಳ ಅಭ್ಯಾಸ ಮಾಡ್ಕೊಂಡಿದ್ದಲ್ಲ. ತಡ್ಕೊಳ್ಳೋವು ಮೊದ್ಲೇ ನಾಕೈದು ಇದ್ವು. ಉಳಿದದ್ದು ಅವೇ, ಈಗ ಹೊಲದ ತುಂಬಾ ಅವುಗಳ ಮರಿನೇ." ನನಗೆ ಕಣ್ಣು ತುಂಬಿ ಬಂತು. ಹೋಗುವಾಗ ಅವರು ಒಂದೇ ಮಾತು ಹೇಳಿದರು: "ದೇವರ ಸುದ್ದಿಗೆ ಮಾತ್ರ ಹೋಗಬೇಡಿ ಮೇಡಂ." ನಾನು ಹೋಗುವುದೂ ಇಲ್ಲ. ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಮಕ್ಕಳು ಕೇಳಿದರೆ, ಈ ಪೀರಿಯಡ್ಡಿನಲ್ಲಿ ನೋಡಿ, ಅಳೆದು, ಮತ್ತೆ ಪರೀಕ್ಷಿಸಲು ಆಗುವುದಷ್ಟೇ ಎನ್ನುತ್ತೇನೆ.

ಕೋತಿ ಬರುವುದು ಆರನೇ ಶನಿವಾರ. ಆ ಹೊತ್ತಿಗೆ ಅದು ತಾತ ಅಲ್ಲ, ದೂರದ ದಾಯಾದಿ ಎಂದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಬೆನ್ನುಮೂಳೆಯ ಕೆಳತುದಿಯ ಬಾಲದ ಮೂಳೆಯನ್ನು ಮಕ್ಕಳೇ ಮುಟ್ಟಿ ನೋಡಿಕೊಳ್ಳುತ್ತಾರೆ.

ಈಗಿನ ಖರ್ಚು ವರ್ಷಕ್ಕೆ 600-700 ರೂಪಾಯಿ, ಗೂಡು ಪೋಷಕರೇ ಕೊಡುತ್ತಾರೆ. ನೀವು ಮಾಡುವುದಾದರೆ ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆ ಬರುತ್ತದೆ, ಅದೂ ಬೆಳಗಿನ ಹೊತ್ತು. ಆ ದಿನ ಮೊದಲ ಪೀರಿಯಡ್ ವಿಜ್ಞಾನಕ್ಕೆ ಕೇಳಿ ಇಟ್ಟುಕೊಳ್ಳಿ.