ಆಫೀಸಿನ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕುವ ಮುಂಚೆ

ಮಹಾಲಿಂಗಪುರದ ಬೆಲ್ಲದ ದಲಾಲಿ ಅಂಗಡಿ ಇರಲಿ, ಬನಹಟ್ಟಿಯ ಸೀರೆ ವ್ಯಾಪಾರಿಯ ಆಫೀಸ್ ಇರಲಿ, ಬಾಗಲಕೋಟೆ ನವನಗರದ ಪತ್ತಿನ ಸಹಕಾರಿ ಸಂಘ ಇರಲಿ, ವಿಂಡೋಸ್ 10 ಓಡುತ್ತಿರುವ ಕಂಪ್ಯೂಟರ್ ಇನ್ನೂ ಕಾಣುತ್ತದೆ. ಕೆಲಸ ನಡೀತಾ ಇದೆ, ಯಾಕೆ ಮುಟ್ಟಬೇಕು ಎಂದು ಕೇಳುತ್ತಾರೆ. ಮುಟ್ಟಲೇಬೇಕು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಿಂತುಹೋಗುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾದ ತೂತುಗಳನ್ನು ಮುಚ್ಚುವ ಉಚಿತ ಅಪ್‌ಡೇಟ್ ಬರುವುದಿಲ್ಲ. ಜನರ ಠೇವಣಿ ಲೆಕ್ಕ, ಆಧಾರ್ ನಕಲು, ಬ್ಯಾಂಕಿನ ಪಾಸ್‌ವರ್ಡ್ ಎಲ್ಲಾ ಇರುವ ಯಂತ್ರವನ್ನು ಹಾಗೆ ಬಿಡಬಾರದು.

ಅಪ್‌ಗ್ರೇಡ್ ಒಂದೆರಡು ತಾಸಿನ ಕೆಲಸ. ತೊಂದರೆ ಗೊತ್ತಾಗುವುದು ಮರುದಿನ ಬೆಳಿಗ್ಗೆ, ಬಾಗಿಲಲ್ಲಿ ಗಿರಾಕಿ ನಿಂತಿರುವಾಗ ಪ್ರಿಂಟರ್ ಅಲುಗಾಡದಿದ್ದಾಗ. ಅದಕ್ಕೇ ತಯಾರಿಗೆ ಒಂದು ಪೂರ್ತಿ ದಿನ ಕೊಡಿ ಎನ್ನುತ್ತೇನೆ.

ಮೊದಲ ಹೆಜ್ಜೆ: ದಿನಾ ಕೂರುವವರ ಜೊತೆ ಕೂತುಕೊಳ್ಳಿ

ಒಂದು ಹಾಳೆ, ಒಂದು ಪೆನ್ನು ಸಾಕು. ಬೆಳಿಗ್ಗೆ ಬಂದ ತಕ್ಷಣ ಏನು ತೆರೆಯುತ್ತೀರಿ, ಬಿಲ್ ಯಾವುದರಲ್ಲಿ ಹಾಕುತ್ತೀರಿ, ಯಾವ ಪ್ರಿಂಟರ್‌ಗೆ ಯಾವ ಕಾಗದ, ತಿಂಗಳಿಗೊಮ್ಮೆ ಮಾತ್ರ ಬೇಕಾಗುವುದು ಏನು ಎಂದು ಕೇಳುತ್ತಾ ಬರೆದುಕೊಳ್ಳಿ. ವರ್ಷಕ್ಕೊಮ್ಮೆ ತೆರೆಯುವುದನ್ನು ಮರೆಯದೆ ಕೇಳಿ. ಒಂದು ಕಡೆ ಎಲ್ಲಾ ಬರೆದುಕೊಂಡು ಏಳುವಾಗ ಅಲ್ಲಿನ ಅಕ್ಕೋರು, "ಸರ್, ಇನ್ನೊಂದ್ ಐತ್ರೀ, ಆಡಿಟ್ ಬಂದಾಗ ಅಷ್ಟ ತಗೀತೀವಿ" ಎಂದು ಕಪ್ಪು ಪರದೆಯ ಹಳೇ ಡಾಸ್ ಲೆಕ್ಕದ ಪ್ರೋಗ್ರಾಂ ತೋರಿಸಿದರು. ಆ ಕಂಪ್ಯೂಟರ್‌ನಲ್ಲಿದ್ದದ್ದು 32 ಬಿಟ್ ವಿಂಡೋಸ್, ಅದಕ್ಕೇ ಅದು ಓಡುತ್ತಿತ್ತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅದರಲ್ಲಿ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಇಂಥದ್ದು ಸಿಕ್ಕರೆ ಆ ಒಂದು ಯಂತ್ರದ ಇಂಟರ್ನೆಟ್ ವೈರ್ ಕಿತ್ತು, ಆ ಕೆಲಸಕ್ಕೆ ಮಾತ್ರ ಮೂಲೆಯಲ್ಲಿಡಿ.

ಯಂತ್ರಕ್ಕೆ ತಾಕತ್ತು ಇದೆಯಾ

ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದೆ. ಅದನ್ನು ಓಡಿಸಿದರೆ ಆಗುತ್ತೋ ಇಲ್ಲವೋ, ಆಗದಿದ್ದರೆ ಯಾಕೆ ಎಂದು ಹೇಳುತ್ತದೆ. ಬೇಕಾಗಿರುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗ ನಂಬಲಾಗದ ಪ್ರೋಗ್ರಾಂ ತಡೆಯುವ ವ್ಯವಸ್ಥೆ), ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಭಾಗ). ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. 4 ಜಿಬಿ ರ‍್ಯಾಮ್‌ನಲ್ಲಿ ಲೆಕ್ಕದ ಟ್ಯಾಲಿ, ಕ್ರೋಮ್, ಎಕ್ಸೆಲ್ ಮೂರನ್ನೂ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. 8 ಜಿಬಿ ಮಾಡಿಸಿ. ಹಳೇ ಹಾರ್ಡ್ ಡಿಸ್ಕ್ ಇದ್ದರೆ ಅದರ ಬದಲು ಹೆಚ್ಚು ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ, ಖರ್ಚಿಗೆ ತಕ್ಕ ಫಲ ಅದರಲ್ಲಿದೆ.

ಟಿಪಿಎಂ ಇಲ್ಲ ಎಂದು ತೋರಿಸಿದ ಕೂಡಲೇ ಹೊಸ ಕಂಪ್ಯೂಟರ್ ಕೊಳ್ಳಲು ಓಡಬೇಡಿ. ಎಷ್ಟೋ ಸಲ ಅದು ಒಳಗಿರುತ್ತದೆ, ಆಫ್ ಆಗಿರುತ್ತದೆ ಅಷ್ಟೆ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ) ಹೋದರೆ ಇಂಟೆಲ್ ಯಂತ್ರದಲ್ಲಿ ಪಿಟಿಟಿ ಎಂದೂ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಹೆಸರಿರುತ್ತದೆ. ಆನ್ ಮಾಡುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಆಮೇಲೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಆ ಕೀ ಕಳೆದರೆ ಡಿಸ್ಕಿನಲ್ಲಿರುವುದು ನಿಮಗೂ ಸಿಗುವುದಿಲ್ಲ.

ನಿಜವಾಗಿಯೂ ಹಳೆಯ ಯಂತ್ರವಾದರೆ, ನಿಯಮ ತಪ್ಪಿಸಿ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಖಾತ್ರಿಯಿಲ್ಲ. ಆಫೀಸಿಗೆ ಅದು ಬೇಡವೇ ಬೇಡ. ಸಂಸ್ಥೆಗಳಿಗೆ ಹಣ ಕೊಟ್ಟು ವಿಂಡೋಸ್ 10ರ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ 3 ವರ್ಷದವರೆಗೆ ಇದೆ. ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು. ಲೆಕ್ಕ ಹಾಕಿದರೆ ಆ ಹಣ ಹೊಸ ಯಂತ್ರದ ಕಡೆಗೇ ಹಾಕುವುದು ಮೇಲು.

ಬ್ಯಾಕಪ್: ಇಲ್ಲಿ ಅವಸರ ಬೇಡ

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಕಿತ್ತು. ಎಲ್ಲಾ ಡಿ ಡ್ರೈವ್‌ನಲ್ಲಿದೆ ಎಂದರು. ನಾನು ನಂಬಿದೆ. ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರ್ ಇತ್ತು, ಎರಡು ವರ್ಷದ ಸಭೆಯ ನಡಾವಳಿ ಪೂರ್ತಿ ಅದರಲ್ಲೇ. ಡೆಸ್ಕ್‌ಟಾಪ್ ಅಂದರೆ ಸಿ ಡ್ರೈವ್ ಅಲ್ವಾ, ಫಾರ್ಮ್ಯಾಟ್ ಜೊತೆ ಅದೂ ಹೋಯಿತು. ಅವರು ಕಾಗದದ ಪ್ರತಿ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದುದನ್ನು ನೋಡಿದ ನೋವು ಇನ್ನೂ ಹೋಗಿಲ್ಲ. ಅಂದಿನಿಂದ ಯಾರ ಮಾತಿನ ಮೇಲೂ ಬ್ಯಾಕಪ್ ಬಿಡುವುದಿಲ್ಲ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ನಾಲ್ಕನ್ನೂ ಪ್ರತಿಯೊಬ್ಬ ಬಳಕೆದಾರರ ಹೆಸರಿನಿಂದಲೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಔಟ್‌ಲುಕ್ ಬಳಸುತ್ತಿದ್ದರೆ ಮೇಲ್‌ಗಳಿರುವ ಅದರ ಪಿಎಸ್‌ಟಿ ಫೈಲ್ ಬೇಕು. ಕ್ರೋಮ್‌ನ ಬುಕ್‌ಮಾರ್ಕ್, ಉಳಿಸಿಟ್ಟ ಪಾಸ್‌ವರ್ಡ್ ಬೇಕು. ಡಿ ಡ್ರೈವ್‌ನಲ್ಲಿ ನಕಲು ಇಟ್ಟರೆ ಬ್ಯಾಕಪ್ ಆಗುವುದಿಲ್ಲ. ಬಹಳ ಕಡೆ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ, ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ.

ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಟ್ಯಾಲಿಯಲ್ಲೇ ನೋಡಿ, ಊಹೆ ಮಾಡಬೇಡಿ. ಟ್ಯಾಲಿಯೊಳಗಿನಿಂದ ಒಂದು ಬ್ಯಾಕಪ್ ತೆಗೆಯಿರಿ, ಜೊತೆಗೆ ಟ್ಯಾಲಿ ಮುಚ್ಚಿ ಇಡೀ ಫೋಲ್ಡರನ್ನೂ ನಕಲು ಮಾಡಿ. ಫಾರ್ಮ್ಯಾಟ್ ಮಾಡುವುದಾದರೆ ಮುಂಚೆಯೇ ಟ್ಯಾಲಿಯ ಲೈಸೆನ್ಸನ್ನು ಈ ಯಂತ್ರದಿಂದ ಬಿಡಿಸಿ, ಅಂದರೆ ಸರೆಂಡರ್ ಮಾಡಿಬಿಡಿ, ಆಗ ಹೊಸದಾಗಿ ಆ್ಯಕ್ಟಿವೇಟ್ ಮಾಡುವಾಗ ತಕರಾರು ಬರುವುದಿಲ್ಲ.

ಈಗ ಮುಖ್ಯ ಕೆಲಸ. ಆ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಸಿಗಿಸಿ ಹತ್ತು ಫೈಲ್ ತೆರೆದು ನೋಡಿ, ಟ್ಯಾಲಿ ಬ್ಯಾಕಪ್ಪನ್ನು ಅಲ್ಲಿ ರಿಸ್ಟೋರ್ ಮಾಡಿ ನಿನ್ನೆಯ ಕೊನೆಯ ವೋಚರ್ ಕಾಣುತ್ತದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನುಡಿ, ಬರಹ, ತುಂಗಾ

ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಆಫೀಸಿನವರು ಇದನ್ನು ಎರಡು ಸಲ ಓದಿ. ಕನ್ನಡ ಗಣಕ ಪರಿಷತ್ತಿನ ಟೈಪಿಂಗ್ ತಂತ್ರಾಂಶವಾದ ನುಡಿಯಲ್ಲಿ ಹಳೇ ರೀತಿ ಟೈಪ್ ಮಾಡಿದ ಕಡತಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಯಂತ್ರಕ್ಕೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಅದನ್ನು ಕನ್ನಡವಾಗಿ ತೋರಿಸುವುದು 'ನುಡಿ 01 ಇ' ತರಹದ ಫಾಂಟ್. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಬರಹದ 'ಬಿಆರ್‌ಎಚ್ ಕನ್ನಡ' ಫಾಂಟಿನದೂ ಇದೇ ಕಥೆ. ಫಾಂಟ್ ಇಲ್ಲದ ಯಂತ್ರದಲ್ಲಿ ಹತ್ತು ವರ್ಷದ ಠರಾವುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದುಕೊಂಡು ಡಿಲೀಟ್ ಮಾಡಬೇಡಿ, ಫಾಂಟ್ ಹಾಕಿದರೆ ಮತ್ತೆ ಕನ್ನಡ ಬರುತ್ತದೆ.

ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟ್‌ಗಳನ್ನೆಲ್ಲ ಬ್ಯಾಕಪ್ ಡಿಸ್ಕಿಗೆ ಹಾಕಿಕೊಳ್ಳಿ. ನುಡಿಯ ಸೆಟಪ್ ಫೈಲ್ ಜೊತೆಗಿರಲಿ. ಯಾವುದಾದರೂ ಒಂದು ಪತ್ರವನ್ನು ಈಗಲೇ ಪ್ರಿಂಟ್ ತೆಗೆದಿಡಿ, ಒತ್ತಕ್ಷರ ಜಾಸ್ತಿ ಇರುವುದೇ ಆಗಲಿ. ಅಪ್‌ಗ್ರೇಡ್ ಆದ ಮೇಲೆ ಅದೇ ಪತ್ರ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚುಕಮ್ಮಿ ತಟ್ಟನೆ ಗೊತ್ತಾಗುತ್ತದೆ. ವಿಂಡೋಸ್‌ನ ಹಳೇ ಕನ್ನಡ ಫಾಂಟ್ ಆದ ತುಂಗಾದ ಯೂನಿಕೋಡ್ ಕಡತ ಓದಲು ಬರುತ್ತದೆ, ಆದರೆ ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ತುಂಗಾ ಇಲ್ಲದೆ ಬೇರೆ ಅಕ್ಷರ ಬಂದು ಸಾಲುಗಳು ಆಚೀಚೆ ಆಗಬಹುದು. ಸೆಟ್ಟಿಂಗ್ಸ್‌ನ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಹಾಕಿಕೊಂಡರೆ ಸರಿಹೋಗುತ್ತದೆ.

ಪ್ರಿಂಟರ್, ಡಿಜಿಟಲ್ ಸಹಿ

ಲೇಸರ್ ಇರಲಿ, ಪಾಸ್‌ಬುಕ್ ಪ್ರಿಂಟರ್ ಇರಲಿ, ಡಾಟ್ ಮ್ಯಾಟ್ರಿಕ್ಸ್ ಇರಲಿ, ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ತಾಣದಿಂದ ವಿಂಡೋಸ್ 11ರ ಡ್ರೈವರ್ ಈಗಲೇ ಇಳಿಸಿಕೊಳ್ಳಿ. ಕಾಗದದ ಅಳತೆಯ ಸೆಟ್ಟಿಂಗನ್ನು ಫೋನಿನಲ್ಲಿ ಫೋಟೋ ತೆಗೆಯಿರಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಅದರ ಡ್ರೈವರ್ ಬೇಕು, ಪಾಸ್‌ವರ್ಡ್ ಯಾರಿಗೆ ಗೊತ್ತು ಎಂಬುದೂ ತಿಳಿದಿರಬೇಕು. ಜಿಎಸ್‌ಟಿ ರಿಟರ್ನ್ ಹಾಕುವ ತಿಂಗಳ 11 ಮತ್ತು 20ರ ಆಸುಪಾಸು ಈ ಕೆಲಸಕ್ಕೆ ಕೈ ಹಾಕಬೇಡಿ.

ಕರೆಂಟ್ ಮತ್ತು ದಿನ

ಶನಿವಾರ ಸಂಜೆ ಒಳ್ಳೆಯದು, ಏನಾದರೂ ಆದರೆ ಭಾನುವಾರ ಕೈಯಲ್ಲಿರುತ್ತದೆ. ನಡುವೆ ಕರೆಂಟ್ ಹೋದರೆ ವಿಂಡೋಸ್ ಕೆಡಬಹುದು. ಹಿಂದಿನ ದಿನವೇ ಎಲ್ಲಾ ಕೆಲಸ ಮುಚ್ಚಿ, ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತು ಎಷ್ಟು ನಿಮಿಷ ತಡೆಯುತ್ತದೆ ನೋಡಿ. ಐದು ನಿಮಿಷಕ್ಕೇ ಕೂಗಾಡಿದರೆ ಬ್ಯಾಟರಿ ಬದಲಿಸಿ, ಇಲ್ಲವೇ ಆ ದಿನ ಇನ್ವರ್ಟರ್ ಲೈನಿಗೆ ಹಾಕಿ. ಕ್ಯಾಬಿನೆಟ್ ತೆರೆದು ಬ್ಲೋವರ್‌ನಿಂದ ದೂಳು ಊದಿಸಿ. ನಮ್ಮ ಬಿಸಿಲಿಗೆ ಫ್ಯಾನ್ ಕಟ್ಟಿದ ಯಂತ್ರ ನಡುವೆ ಬಿಸಿಯೇರಿ ಬಂದ್ ಆದೀತು.

ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಮಾಡಿ. ಡೌನ್‌ಲೋಡ್ ಹಲವು ಜಿಬಿ ಆಗುತ್ತದೆ, ಐದಾರು ಕಂಪ್ಯೂಟರ್ ಇದ್ದರೆ ಒಂದು ಸಲ ಇಳಿಸಿ 8 ಜಿಬಿ ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಕೆಲಸ ಕಡಿಮೆ ಇರುವ ಒಂದನ್ನು ಮಾಡಿ, ಒಂದು ವಾರ ಬಳಸಿ, ಆಮೇಲೆ ಕ್ಯಾಷ್ ಕೌಂಟರಿನದನ್ನು ಮುಟ್ಟಿ. ಸೆಟಪ್ ಕೇಳಿದಾಗ ಫೈಲ್ ಮತ್ತು ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನೇ ಒತ್ತಿ. ಅಸಲಿ ವಿಂಡೋಸ್ 10 ಇದ್ದರೆ ಇದಕ್ಕೆ ದುಡ್ಡಿಲ್ಲ. 32 ಬಿಟ್ ಯಂತ್ರಕ್ಕೆ ಮಾತ್ರ ಈ ಆಯ್ಕೆ ಇಲ್ಲ, ಅದಕ್ಕೆ ಹೊಸದಾಗಿಯೇ ಹಾಕಬೇಕು.

ಮುಗಿದ ಮೇಲೆ ಮೊದಲ ದಿನದ ಹಾಳೆ ಹಿಡಿದು ಒಂದೊಂದನ್ನೇ ತೆರೆದು ಟಿಕ್ ಹಾಕಿ, ದಿನಾ ಕೂರುವವರ ಕೈಯಿಂದಲೇ ಮಾಡಿಸಿ. ಸರಿ ಬರದಿದ್ದರೆ ಹಳೇ ವಿಂಡೋಸ್ 10ಕ್ಕೆ ಮರಳಲು 10 ದಿನ ಅವಕಾಶವಿದೆ, ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಎಂದಿರುತ್ತದೆ. ಆ 10 ದಿನದಲ್ಲಿ ಜಾಗ ಖಾಲಿ ಮಾಡೋಣ ಎಂದು 'ವಿಂಡೋಸ್ ಓಲ್ಡ್' ಎಂಬ ಫೋಲ್ಡರನ್ನು ಅಳಿಸಬೇಡಿ, ಮರಳುವ ದಾರಿ ಇರುವುದು ಅದರಲ್ಲೇ.